ಕೋಲಾರದ ತಾರಸಿಯಿಂದ ತಡವಾದ ವಿಮಾನಗಳ ಲೆಕ್ಕ

ವಿಮಾನ ತಡವಾದಾಗ ಪ್ರಯಾಣಿಕರ ಮೊಬೈಲಿಗೆ ಬರುವ ಸಂದೇಶದಲ್ಲಿ ‘ಕಾರ್ಯಾಚರಣೆಯ ಕಾರಣಗಳಿಂದಾಗಿ’ ಎಂಬುದನ್ನು ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ. ಆದರೆ ಪ್ರತಿಯೊಂದು ವಿಳಂಬಕ್ಕೂ ನಿಜವಾದ ಕಾರಣವೊಂದು ಇದ್ದೇ ಇರುತ್ತದೆ. ವಿಮಾನಯಾನ ಸಂಸ್ಥೆಯ ದಾಖಲೆಯಲ್ಲಿ ಅದಕ್ಕೊಂದು ಎರಡಂಕಿಯ ಸಂಕೇತವೂ ಇರುತ್ತದೆ. ಸ್ವಲ್ಪ ತಾಳ್ಮೆಯಿದ್ದರೆ ಹೊರಗಿನವರೂ ಅದನ್ನು ಬಹುಮಟ್ಟಿಗೆ ಪತ್ತೆ ಮಾಡಬಹುದು. ಕೆಲವು ವರ್ಷಗಳಿಂದ ನನ್ನ ಬಿಡುವಿನ ವೇಳೆಯೆಲ್ಲ ಈ ಪತ್ತೆ ಕೆಲಸಕ್ಕೇ ಮೀಸಲಾಗಿದೆ.

ಇದಕ್ಕೆ ಕೋಲಾರ ಒಳ್ಳೆಯ ಜಾಗ. ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿ ಮಲಗಿವೆ. ಅವುಗಳ ನೇರಕ್ಕೆ ಪೂರ್ವದ ಕಡೆ ಒಂದು ಗೆರೆ ಎಳೆದರೆ ಅದು ವೇಮಗಲ್ ಸುತ್ತಮುತ್ತಲ ಹಳ್ಳಿಗಳ ಮೇಲೆ, ನಮ್ಮ ಊರಿಗೆ ಸ್ವಲ್ಪ ಉತ್ತರಕ್ಕೆ ಹಾದುಹೋಗುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಇಳಿಯುವ ವಿಮಾನಗಳು ನಮ್ಮ ಕಡೆಯಿಂದ ಸಾಲುಗಟ್ಟಿ ಬರುತ್ತವೆ. ಚಳಿಗಾಲದಲ್ಲಿ ಗಾಳಿ ತಿರುಗಿದ ಮೇಲೆ ಅವು ದೊಡ್ಡಬಳ್ಳಾಪುರದ ಕಡೆಯಿಂದ ಇಳಿದು, ಹೊರಡುವಾಗ ನಮ್ಮ ಕಡೆಗೆ ಏರಿ ಬರುತ್ತವೆ. ಅಂತರಗಂಗೆ ಬೆಟ್ಟದ ಮೇಲೆ ಸಂಜೆ ಹೊತ್ತು ಕುಳಿತರೆ ಇಳಿಯುವ ವಿಮಾನಗಳ ದೀಪಗಳು ಒಂದರ ಹಿಂದೊಂದು ಸಮ ಅಂತರದಲ್ಲಿ ಬರುವುದು ಸ್ಪಷ್ಟವಾಗಿ ಕಾಣುತ್ತದೆ. ಆ ಅಂತರ ಹೆಚ್ಚಾಯಿತೆಂದರೆ ನಿಲ್ದಾಣದಲ್ಲಿ ಏನೋ ನಡೆದಿದೆ ಎಂದು ತಿಳಿಯಬಹುದು.

ಉಳಿದದ್ದನ್ನು ಮೊಬೈಲ್ ಹೇಳುತ್ತದೆ. ಈಗಿನ ಪ್ರಯಾಣಿಕ ವಿಮಾನಗಳೆಲ್ಲ ತಾವಿರುವ ಜಾಗ, ಎತ್ತರ ಮತ್ತು ವೇಗವನ್ನು 1090 ಮೆಗಾಹರ್ಟ್ಸ್ ಆವರ್ತನದಲ್ಲಿ ಸೆಕೆಂಡಿಗೆ ಸುಮಾರು ಎರಡು ಬಾರಿ ತಾವಾಗಿಯೇ ಬಿತ್ತರಿಸುತ್ತಿರುತ್ತವೆ. ಎಡಿಎಸ್-ಬಿ ಎಂದು ಕರೆಯುವ ಈ ವ್ಯವಸ್ಥೆಯ ಸಂಕೇತಗಳನ್ನು ಜಗತ್ತಿನಾದ್ಯಂತ ಇರುವ ಸ್ವಯಂಸೇವಕರ ರಿಸೀವರ್‌ಗಳಿಂದ ಒಟ್ಟುಗೂಡಿಸಿ ಫ್ಲೈಟ್‌ರಾಡಾರ್24ನಂಥ ಸೇವೆಗಳು ನಕ್ಷೆಯ ಮೇಲೆ ತೋರಿಸುತ್ತವೆ. ಹೊಸದಾಗಿ ನೋಡುವವರು ಒಂದು ವಿಷಯ ಗಮನಿಸಬೇಕು. ನಿಂತಿರುವ ವಿಮಾನದಲ್ಲಿ ಈ ಸಂಕೇತ ಬಿತ್ತರಿಸುವ ಟ್ರಾನ್ಸ್‌ಪಾಂಡರ್ ಸಾಮಾನ್ಯವಾಗಿ ಚಾಲೂ ಇರುವುದಿಲ್ಲ. ಆದ್ದರಿಂದ ಹೊರಡುವ ಹೊತ್ತಾದರೂ ವಿಮಾನ ನಕ್ಷೆಯ ಮೇಲೆ ಕಾಣಿಸಲಿಲ್ಲವೆಂದರೆ ಅದು ರದ್ದಾಗಿದೆ ಎಂದಲ್ಲ, ಇನ್ನೂ ಜಾಗ ಬಿಟ್ಟು ಕದಲಿಲ್ಲ ಎಂದು ಮಾತ್ರ ಅರ್ಥ.

ಬಹುತೇಕ ಜನ ಟಿಕೆಟ್ಟಿನ ಮೇಲಿರುವ ಫ್ಲೈಟ್ ನಂಬರ್ ಹಾಕಿ ಹುಡುಕುತ್ತಾರೆ. ನನ್ನ ಅನುಭವದಲ್ಲಿ ಅದರಿಂದ ಅರ್ಧ ಸತ್ಯವಷ್ಟೇ ಸಿಗುತ್ತದೆ. ಫ್ಲೈಟ್ ನಂಬರ್ ಒಂದು ವೇಳಾಪಟ್ಟಿಯ ಹೆಸರು, ಹಾರುವುದು ಯಂತ್ರ. ಆ ಯಂತ್ರಕ್ಕೆ ಅದರದ್ದೇ ನೋಂದಣಿ ಸಂಖ್ಯೆ ಇರುತ್ತದೆ, ಭಾರತದ್ದಾದರೆ ಅದು ‘ವಿಟಿ’ ಎಂಬ ಎರಡು ಅಕ್ಷರಗಳಿಂದ ಶುರುವಾಗುತ್ತದೆ. ನಿಮ್ಮ ಸಂಜೆಯ ಪ್ರಯಾಣಕ್ಕೆ ಗೊತ್ತುಮಾಡಿದ ವಿಮಾನ ಯಾವುದೆಂದು ತಿಳಿದು, ಅದು ಬೆಳಗಿನಿಂದ ಎಲ್ಲೆಲ್ಲಿ ಹೋಗಿ ಬಂದಿದೆ ಎಂದು ನೋಡಿದರೆ, ಸಂಸ್ಥೆಯ ಸಂದೇಶ ಬರುವುದಕ್ಕೆ ಬಹಳ ಮೊದಲೇ ವಿಳಂಬದ ಸುಳಿವು ಸಿಗುತ್ತದೆ. ಒಂದು ಏರ್‌ಬಸ್ 320 ದಿನಕ್ಕೆ ಐದಾರು ಸಲ ಹಾರುವುದು ನಮ್ಮ ದೇಶದಲ್ಲಿ ಮಾಮೂಲು. ಇಳಿದ ಮೇಲೆ ಜನರನ್ನು ಇಳಿಸಿ, ಸ್ವಚ್ಛಗೊಳಿಸಿ, ಇಂಧನ ತುಂಬಿ, ಹೊಸಬರನ್ನು ಹತ್ತಿಸಿ ಮತ್ತೆ ಹೊರಡಲು ಅದಕ್ಕೆ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚಿನ ಸಮಯ ಕೊಟ್ಟಿರುತ್ತಾರೆ. ದೆಹಲಿಯಲ್ಲಿ ಮಂಜು ಕವಿದು ಬೆಳಗಿನ ಮೊದಲ ಹಾರಾಟ ಒಂದೂವರೆ ಗಂಟೆ ತಡವಾದರೆ, ಅದೇ ವಿಮಾನ ಬೆಂಗಳೂರಿಗೆ ಬಂದು, ಗೋವಾಕ್ಕೆ ಹೋಗಿ, ಮರಳಿ ಬಂದು, ಸಂಜೆ ಪುಣೆಗೆ ಹೊರಡುವಾಗಲೂ ಆ ಒಂದೂವರೆ ಗಂಟೆಯ ಬಹುಭಾಗ ಅದರ ಬೆನ್ನಿಗಿರುತ್ತದೆ. ಬೆಳಿಗ್ಗೆ ಬೆಂಗಳೂರಿನಿಂದ ತಡವಾಗಿ ಬಂದ ಬಸ್ಸೇ ಮಧ್ಯಾಹ್ನ ಶ್ರೀನಿವಾಸಪುರಕ್ಕೆ ಹೋಗಬೇಕಾದಾಗ ಆಗುವುದೂ ಇದೇ. ಪುಣೆಗೆ ಹೋಗುವವರು ಮಾತ್ರ ಶುಭ್ರವಾದ ಆಕಾಶ ನೋಡಿ, ಇಲ್ಲಿ ಏನೂ ಆಗಿಲ್ಲವಲ್ಲ, ಏಕೆ ತಡ ಎಂದು ಸಿಟ್ಟಾಗುತ್ತಾರೆ.

ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘದ ವಿಳಂಬ ಸಂಕೇತಗಳಲ್ಲಿ ಇದಕ್ಕೆ 93 ಎಂಬ ಅಂಕಿಯಿದೆ. ಹಿಂದಿನ ಹಾರಾಟದಿಂದ ವಿಮಾನ ತಡವಾಗಿ ಬಂದಿತು ಎಂದು ಅದರ ಅರ್ಥ. ಹೊರಡುವ ಊರಿನ ಹವಾಮಾನ ಕಾರಣವಾದರೆ 71, ತಲುಪಬೇಕಾದ ಊರಿನದಾದರೆ 72, ವಿಮಾನದಲ್ಲಿ ದೋಷ ಕಂಡರೆ 41. ಯುರೋಪಿನಲ್ಲಿ ಒಟ್ಟು ವಿಳಂಬದ ಅರ್ಧಕ್ಕೆ ಸಮೀಪದ ಪಾಲು ಈ ಬಗೆಯ ಸರಪಳಿ ವಿಳಂಬದ್ದೇ ಆಗಿದೆ. ಹೀಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಫ್ಲೈಟ್ ನಂಬರಿನ ಪಕ್ಕದಲ್ಲೇ ನೋಂದಣಿ ಸಂಖ್ಯೆ, ಅದರ ಪಕ್ಕದಲ್ಲಿ ಆ ದಿನದ ಮೊದಲ ತಡ ಯಾವ ಊರಿನಲ್ಲಿ ಆಯಿತು ಎಂಬ ಕಾಲಂ ಇದೆ. ನನಗೆ ಅತ್ಯಂತ ಪ್ರಿಯವಾದ ಕಾಲಂ ಅದೇ.

ಬೆಂಗಳೂರಿನ ಮಂಜಿನ ಬಗ್ಗೆಯೂ ಹೇಳಬೇಕು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ದೇವನಹಳ್ಳಿಯಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಗಾಳಿಯಿಲ್ಲದ ನಸುಕಿನಲ್ಲಿ ದಟ್ಟ ಮಂಜು ಕೂರುತ್ತದೆ. ಅರ್ಧ ಗಂಟೆಗೊಮ್ಮೆ ಹೊರಬೀಳುವ ಮೆಟಾರ್ ಎಂಬ ಹವಾಮಾನ ವರದಿಯಲ್ಲಿ ‘ಎಫ್‌ಜಿ’ ಎಂದು ಕಂಡರೆ ಮಂಜು. ರನ್‌ವೇಯ ಮೇಲಿನ ಗೋಚರತೆ ಎಷ್ಟು ಮೀಟರ್ ಎಂಬುದೂ ಅದರಲ್ಲೇ ಇರುತ್ತದೆ. ಮಾಮೂಲಿ ಉಪಕರಣ ವ್ಯವಸ್ಥೆಯಲ್ಲಿ ಇಳಿಯಲು 550 ಮೀಟರ್ ಗೋಚರತೆ ಬೇಕು. 2019ರ ಡಿಸೆಂಬರಿನಲ್ಲಿ ಬಳಕೆಗೆ ಬಂದ ದಕ್ಷಿಣದ ರನ್‌ವೇಯಲ್ಲಿ ಆಮೇಲೆ ದಟ್ಟ ಮಂಜಿಗೆಂದೇ ಇರುವ ಕ್ಯಾಟ್-3ಬಿ ಎಂಬ ಉಪಕರಣ ವ್ಯವಸ್ಥೆ ಜಾರಿಗೆ ಬಂದಿದ್ದು, ಈಗ ಅಲ್ಲಿ 50 ಮೀಟರಿನಲ್ಲೂ ಇಳಿಯಬಹುದು, 125 ಮೀಟರಿನಲ್ಲಿ ಹೊರಡಬಹುದು. ಹಾಗಿದ್ದರೂ ತಡವೇಕೆ ಎಂದರೆ, ನೆಲದ ಮೇಲಿನ ಉಪಕರಣವೊಂದೇ ಸಾಲದು. ವಿಮಾನಕ್ಕೂ ಆ ಅರ್ಹತೆ ಇರಬೇಕು, ಪೈಲಟ್‌ಗಳಿಗೂ ಆ ತರಬೇತಿ ಆಗಿರಬೇಕು. ಮಂಜಿನಲ್ಲಿ ವಿಮಾನಗಳ ನಡುವಿನ ಅಂತರವನ್ನೂ ಹೆಚ್ಚಿಸಬೇಕಾಗುವುದರಿಂದ ಗಂಟೆಗೆ ಇಳಿಯುವ ವಿಮಾನಗಳ ಸಂಖ್ಯೆ ತಾನಾಗಿಯೇ ಕುಸಿಯುತ್ತದೆ.

ಡೈವರ್ಟ್ ಆಗುವ, ಅಂದರೆ ಇಳಿಯಲಾಗದೆ ಬೇರೆ ನಿಲ್ದಾಣಕ್ಕೆ ತಿರುಗುವ ವಿಮಾನಗಳನ್ನು ನೋಡಬೇಕಾದರೆ ಏಪ್ರಿಲ್-ಮೇ ತಿಂಗಳ ಸಂಜೆಗಳೇ ಸರಿ. ಅಂಥ ಒಂದು ಸಂಜೆ ಪಶ್ಚಿಮದ ದಿಗಂತದಲ್ಲಿ ಕರಿಮೋಡ ಗೋಪುರದಂತೆ ಎದ್ದು ನಿಂತು, ಒಳಗಿಂದ ಒಂದೇ ಸಮ ಮಿಂಚುತ್ತಿತ್ತು. ನಮ್ಮಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ತಾರಸಿಯ ಮೇಲೆ ಮೊಬೈಲ್ ಹಿಡಿದು ನೋಡುತ್ತಿದ್ದರೆ, ದೇವನಹಳ್ಳಿಯ ಸುತ್ತ ಐದಾರು ವಿಮಾನಗಳು ಉದ್ದನೆಯ ಮೊಟ್ಟೆಯಾಕಾರದ ಸುತ್ತು ಹಾಕುತ್ತಿದ್ದವು. ಅದನ್ನು ಹೋಲ್ಡಿಂಗ್ ಎನ್ನುತ್ತಾರೆ. ಒಂದೇ ಜಾಗದ ಮೇಲೆ ಒಂದೊಂದು ವಿಮಾನ ಒಂದೊಂದು ಎತ್ತರದಲ್ಲಿ ಸುತ್ತುತ್ತ ಸರದಿಗೆ ಕಾಯುತ್ತದೆ. ಪಕ್ಕದ ಮನೆಯ ಅಕ್ಕ ಮೆಟ್ಟಿಲು ಹತ್ತಿ ಬಂದು, “ನಮ್ಮ ಹುಡುಗ ಪುಣೆಯಿಂದ ಬರ್ತಾ ಅವ್ನೆ, ಇಷ್ಟೊತ್ತಿಗೆ ಇಳೀಬೇಕಾಗಿತ್ತು. ಎಲ್ಲೈತೆ ನೋಡಣ್ಣಾ” ಎಂದರು. ಅವನ ವಿಮಾನ ಮೂರನೆಯ ಸುತ್ತಿನಲ್ಲಿತ್ತು. ನಾವು ನೋಡುತ್ತಿದ್ದಂತೆಯೇ ಅದು ಸುತ್ತನ್ನು ಅರ್ಧಕ್ಕೆ ಬಿಟ್ಟು, ನೇರ ಪೂರ್ವಕ್ಕೆ ತಿರುಗಿ ಎತ್ತರ ಏರತೊಡಗಿತು. ಚೆನ್ನೈಗೆ ಹೋಗುತ್ತಿದೆ ಎಂದು ಹೇಳಿದೆ. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಆಕಾಶದ ದಾರಿಯೂ ರಸ್ತೆಯ ದಾರಿಯೂ ಕೋಲಾರದ ಮೇಲೆಯೇ ಇರುವುದರಿಂದ, ಸ್ವಲ್ಪ ಹೊತ್ತಿನಲ್ಲೇ ಅದರ ದೀಪ ನಮ್ಮ ನೆತ್ತಿಯ ಹತ್ತಿರವೇ ಹಾದುಹೋಯಿತು. ಹುಡುಗ ತನ್ನ ಮನೆಯ ಮೇಲೆಯೇ ಹಾರಿ ಹೋದುದನ್ನು ಅಕ್ಕ ಕೈಯಡ್ಡ ಹಿಡಿದು ನೋಡಿದರು.

ಹೀಗೆ ತಿರುಗಿದ್ದನ್ನು ಕಂಡು ಅವರಿಗೆ ಭಯವಾಯಿತು. ಆದರೆ ಅಲ್ಲಿ ಭಯಪಡುವಂಥದ್ದು ಏನೂ ಇರಲಿಲ್ಲ. ಪ್ರತಿ ವಿಮಾನವೂ ಹೊರಡುವಾಗಲೇ ತನ್ನ ಪ್ರಯಾಣಕ್ಕೆ ಬೇಕಾದಷ್ಟು, ಅನಿರೀಕ್ಷಿತಕ್ಕೆ ಸ್ವಲ್ಪ, ಬದಲಿ ನಿಲ್ದಾಣಕ್ಕೆ ಹೋಗಲು ಬೇಕಾದಷ್ಟು, ಇವೆಲ್ಲದರ ಮೇಲೆ ಮತ್ತೂ 30 ನಿಮಿಷ ಹಾರಲು ಬೇಕಾದಷ್ಟು ಇಂಧನವನ್ನು ತುಂಬಿಕೊಂಡೇ ಹೊರಡುತ್ತದೆ. ಕೊನೆಯ ಆ 30 ನಿಮಿಷದ ಇಂಧನವನ್ನು ಮುಟ್ಟದೆ ಬದಲಿ ನಿಲ್ದಾಣದಲ್ಲಿ ಇಳಿಯಬೇಕು. ಇನ್ನೂ ಒಂದು ಸುತ್ತು ಕಾದರೆ ಆ ಲೆಕ್ಕ ತಪ್ಪುತ್ತದೆ ಎಂಬ ಹೊತ್ತಿಗೆ ಪೈಲಟ್ ಹೊರಟುಬಿಡುತ್ತಾರೆ. ಹತ್ತು ನಿಮಿಷ ಕಾದಿದ್ದರೆ ಇಲ್ಲೇ ಇಳಿಸಬಹುದಿತ್ತು ಎಂದು ಆಮೇಲೆ ಗೊಣಗುವವರಿಗೆ, ಆ ಹತ್ತು ನಿಮಿಷ ಖರ್ಚು ಮಾಡಲು ಪೈಲಟ್‌ಗೆ ಅಧಿಕಾರವೇ ಇರಲಿಲ್ಲ ಎಂದು ನಾನು ಹೇಳುತ್ತೇನೆ. ನನ್ನ ಮಟ್ಟಿಗೆ ಸಕಾಲದಲ್ಲಿ ಡೈವರ್ಟ್ ಆದ ವಿಮಾನ ಅಚ್ಚುಕಟ್ಟಾಗಿ ನಡೆದ ಹಾರಾಟವೇ ಸರಿ.

ಅಕ್ಕನಿಗೆ ನಾನು ಹೇಳಿದ್ದು, ಕಾರು ಈಗಲೇ ಕಳಿಸಬೇಡಿ ಎಂದು. ಚೆನ್ನೈಯಲ್ಲಿ ಇಳಿದ ಮೇಲೆ ನಿಲ್ಲಲು ಜಾಗ ಸಿಗಬೇಕು, ಇಂಧನದ ಗಾಡಿ ಬರಬೇಕು, ಒಂದೇ ಸಲ ಬಂದಿಳಿದ ವಿಮಾನಗಳ ಸಾಲಿನಲ್ಲಿ ಸರದಿ ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಸಿಬ್ಬಂದಿಯ ಕೆಲಸದ ಅವಧಿ ಮುಗಿದಿರಬಾರದು. ಅವಧಿ ಮೀರಿದರೆ ಬೇರೆ ಪೈಲಟ್‌ಗಳು ಬರುವವರೆಗೆ ವಿಮಾನ ಕದಲುವುದಿಲ್ಲ. ಆ ರಾತ್ರಿ ಹುಡುಗನ ವಿಮಾನ ಮತ್ತೊಮ್ಮೆ ನಮ್ಮ ಊರಿನ ಮೇಲೆಯೇ ಪಶ್ಚಿಮಕ್ಕೆ ಮರಳಿದಾಗ ಊಟ ಮುಗಿಸಿ ಎಲ್ಲರೂ ಮಲಗಿದ್ದರು. ಕಾರು ಹೊರಟದ್ದು ಅದಕ್ಕೆ ಸ್ವಲ್ಪ ಮುಂಚೆ, ಸರಿಯಾದ ಹೊತ್ತಿಗೆ.

ರದ್ದತಿಗಳ ತರ್ಕ ಬೇರೆ. ಹಲವು ವಿಮಾನಗಳು ತಡವಾದ ದಿನ ಸಂಸ್ಥೆಗಳು ಸಾಮಾನ್ಯವಾಗಿ ಹೋಗಿ-ಬರುವ ಒಂದು ಜೋಡಿಯನ್ನೇ ತೆಗೆದುಹಾಕುತ್ತವೆ. ಬೆಂಗಳೂರು-ಹೈದರಾಬಾದ್-ಬೆಂಗಳೂರು ಜೋಡಿಯನ್ನು ಬಿಟ್ಟರೆ ವಿಮಾನಕ್ಕೆ ಮೂರು-ನಾಲ್ಕು ಗಂಟೆ ಉಳಿಯುತ್ತದೆ, ಸಂಜೆಯ ಹಾರಾಟಗಳು ಮತ್ತೆ ಸಮಯಕ್ಕೆ ಕೂರುತ್ತವೆ. ದಿನಕ್ಕೆ ಹಲವು ಹಾರಾಟಗಳಿರುವ ಚಿಕ್ಕ ಮಾರ್ಗಗಳ ಮೇಲೆಯೇ ಕತ್ತರಿ ಬೀಳುವುದು ಇದಕ್ಕೇ. ಆ ಪ್ರಯಾಣಿಕರನ್ನು ಮುಂದಿನ ವಿಮಾನಕ್ಕೆ ಹಂಚುವುದು ಸುಲಭ.

ಆದರೆ 2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ಸಂಸ್ಥೆಯಲ್ಲಿ ನಡೆದದ್ದು ಈ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿ, ರಾತ್ರಿ ವೇಳೆಯ ಇಳಿಯುವಿಕೆಗಳನ್ನು ಆರರಿಂದ ಎರಡಕ್ಕೆ ಇಳಿಸಿದ ನಿಯಮಗಳು ನವೆಂಬರ್ 1ರಿಂದ ಪೂರ್ಣವಾಗಿ ಜಾರಿಯಾಗಿದ್ದವು. ಅದಕ್ಕೆ ತಕ್ಕಷ್ಟು ಸಿಬ್ಬಂದಿಯನ್ನು ಹೊಂದಿಸಿಕೊಳ್ಳದ ಕಾರಣ ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳು ರದ್ದಾದವು. ಆ ದಿನಗಳಲ್ಲಿ ಹೊರಗಿನಿಂದ ನೋಡುವವನಿಗೂ ಒಂದು ವಿಷಯ ಎದ್ದು ಕಾಣುತ್ತಿತ್ತು. ಹವಾಮಾನ ವರದಿಯಲ್ಲಿ ಹೇಳಿಕೊಳ್ಳುವಂಥ ತೊಂದರೆಯಿಲ್ಲದ ಹೊತ್ತಿನಲ್ಲೂ, ವಿಮಾನ ನಿಲ್ದಾಣದಲ್ಲೇ ಇರುವಾಗಲೂ ಹಾರಾಟ ರದ್ದಾಗುತ್ತಿತ್ತು. ವಿಮಾನವೂ ಇದೆ, ಆಕಾಶವೂ ತೆರೆದಿದೆ ಎಂದಾದರೆ ಹೆಚ್ಚಾಗಿ ಉಳಿಯುವ ಕಾರಣ ಸಿಬ್ಬಂದಿ. ಪೈಲಟ್‌ಗಳಿಗೆ ವಿಶ್ರಾಂತಿ ಕೊಡುವ ನಿಯಮವೇ ತಪ್ಪು ಎಂದು ಆಗ ಅನೇಕರು ಮಾತನಾಡಿದ್ದು ನನಗೆ ಬಹಳ ಬೇಸರ ತಂದಿತು. ದಣಿದ ಪೈಲಟ್ ಮಂಜಿಗಿಂತ ದೊಡ್ಡ ಅಪಾಯ.

ಕಾರಣ ತಿಳಿಯುವುದು ಬರೀ ಕುತೂಹಲದ ಮಾತಲ್ಲ, ಅದರ ಮೇಲೆ ಪ್ರಯಾಣಿಕರ ಹಕ್ಕೂ ನಿಂತಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ಎರಡೂವರೆ ಗಂಟೆಯೊಳಗಿನ ಪ್ರಯಾಣ ಎರಡು ಗಂಟೆಗಿಂತ ಹೆಚ್ಚು ತಡವಾದರೆ ಊಟ-ಉಪಾಹಾರ ಕೊಡಬೇಕು. ಆರು ಗಂಟೆಗೂ ಮೀರಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ಕೇಳಬಹುದು. ಸರಿಯಾಗಿ ಮುನ್ಸೂಚನೆ ಕೊಡದೆ ರದ್ದು ಮಾಡಿದರೆ ಪ್ರಯಾಣದ ಅವಧಿಗೆ ತಕ್ಕಂತೆ 5,000ದಿಂದ 10,000 ರೂಪಾಯಿವರೆಗೆ, ಅಥವಾ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಪರಿಹಾರ ಸಲ್ಲುತ್ತದೆ. ಆದರೆ ಹವಾಮಾನದಂಥ, ಸಂಸ್ಥೆಯ ಕೈಮೀರಿದ ಕಾರಣಗಳಿದ್ದರೆ ಪರಿಹಾರವಿಲ್ಲ. ಆದ್ದರಿಂದ ಕೌಂಟರಿನಲ್ಲಿ ‘ಹವಾಮಾನ’ ಎಂದು ಹೇಳಿದಾಗ, ಎರಡೂ ಊರುಗಳ ಆ ಹೊತ್ತಿನ ಮೆಟಾರ್ ವರದಿಯನ್ನೂ, ನಿಮ್ಮ ವಿಮಾನ ಬೆಳಗಿನಿಂದ ಓಡಾಡಿದ ಇತಿಹಾಸವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ನನ್ನ ಸಂಬಂಧಿಕರೊಬ್ಬರಿಗೆ ಹೀಗೆ ಇಟ್ಟುಕೊಂಡದ್ದೇ ಆಮೇಲೆ ದೂರು ಬರೆಯುವಾಗ ಉಪಯೋಗಕ್ಕೆ ಬಂತು.

ವಿಳಂಬದ ಸಂದೇಶದಲ್ಲಿ ಆ ಎರಡಂಕಿಯ ಸಂಕೇತವನ್ನೂ, ನಿಮ್ಮ ವಿಮಾನ ಈಗ ಯಾವ ಊರಿನಲ್ಲಿದೆ ಎಂಬುದನ್ನೂ ಸಂಸ್ಥೆಗಳು ಕಡ್ಡಾಯವಾಗಿ ಬರೆಯುವಂತಾಗಬೇಕು ಎಂಬುದು ನನ್ನ ಒತ್ತಾಯ. ಮಾಹಿತಿ ಅವರ ಕಂಪ್ಯೂಟರಿನಲ್ಲಿ ಆಗಲೇ ಇದೆ. ‘ನಿಮ್ಮ ವಿಮಾನ ಇನ್ನೂ ಗೋವಾದಲ್ಲಿದೆ, ಬೆಳಿಗ್ಗೆ ದೆಹಲಿಯಲ್ಲಿ ಮಂಜಿನಿಂದ ತಡವಾಯಿತು, 7.40ಕ್ಕೆ ಹೊರಡುತ್ತದೆ’ ಎಂದು ಒಂದು ಸಾಲು ಬಂದರೆ, ಮಾಲೂರಿನಿಂದಲೋ ಮುಳಬಾಗಿಲಿನಿಂದಲೋ ಮಕ್ಕಳು-ಮರಿ ಕಟ್ಟಿಕೊಂಡು ಹೊರಡುವ ಮನೆಯವರು ಇನ್ನೊಂದು ಗಂಟೆ ಮನೆಯಲ್ಲೇ ಇದ್ದು, ಊಟ ಮಾಡಿಕೊಂಡು ಹೊರಡಬಹುದು.