ಮೀನು ತಾನೇ ತೆಗೆದುಕೊಂಡ ಫೋಟೋ

1946ರ ಜುಲೈ 25ರಂದು ಅಮೆರಿಕ ಮಾರ್ಷಲ್ ದ್ವೀಪಗಳ ಬಿಕಿನಿಯಲ್ಲಿ, ನೀರಿನಡಿಯಲ್ಲೇ ಒಂದು ಅಣುಬಾಂಬ್ ಸಿಡಿಸಿತು. ಆಮೇಲೆ ವಿಜ್ಞಾನಿಗಳು ಅಲ್ಲಿನ ಮೀನೊಂದನ್ನು ಹಿಡಿದು, ಸೀಳಿ, ಫೋಟೋ ಪ್ಲೇಟ್ ಮೇಲಿಟ್ಟರು. ಕ್ಯಾಮೆರಾ ಇಲ್ಲ, ಬೆಳಕಿಲ್ಲ. ಮೀನಿನ ಮೈಯ ವಿಕಿರಣವೇ ಅದರ ಚಿತ್ರ ಮೂಡಿಸಿತ್ತು! ಅದರಲ್ಲೂ ಆಗಷ್ಟೇ ತಿಂದ ಪಾಚಿ ಇದ್ದ ಹೊಟ್ಟೆಯ ಜಾಗ ಎಲ್ಲಕ್ಕಿಂತ ಜಾಸ್ತಿ ಬೆಳ್ಳಗಿತ್ತು.

ವಿಚಿತ್ರ ಏನಂದ್ರೆ, ಇವತ್ತು ಬಿಕಿನಿಯಲ್ಲಿ ಅಣುಸ್ಫೋಟಗಳು ಉಳಿಸಿಹೋದ ವಿಕಿರಣ ವಸ್ತು ಸೀಸಿಯಂ-137ರ ಕಾಟ ಮೀನಿಗಿಂತ ತೆಂಗಿನಕಾಯಿಯಲ್ಲೇ ಜಾಸ್ತಿ. ಸೀಸಿಯಂ ಪೊಟ್ಯಾಸಿಯಂ ತರಹವೇ ವರ್ತಿಸುತ್ತದೆ. ಹವಳದ ಮಣ್ಣಲ್ಲಿ ಪೊಟ್ಯಾಸಿಯಂ ತೀರಾ ಕಡಿಮೆ, ಹಾಗಾಗಿ ಮರ ಅದರ ಬದಲು ಸೀಸಿಯಂ ಹೀರಿಕೊಳ್ಳುತ್ತದೆ. ಸಮುದ್ರದಲ್ಲಿ ಪೊಟ್ಯಾಸಿಯಂಗೆ ಬರವೇ ಇಲ್ಲ, ಮೇಲಾಗಿ ಸೀಸಿಯಂ ನೀರಲ್ಲಿ ಕರಗಿ ಚದುರಿಹೋಗುತ್ತದೆ.

ಬಾಂಬಿನ ಇನ್ನೊಂದು ವಿಕಿರಣ ವಸ್ತು ಪ್ಲುಟೋನಿಯಂ ಹಾಗಲ್ಲ. ಅದು ತಳದ ಕೆಸರಿಗೆ ಅಂಟಿ ಕೂರುತ್ತದೆ, ಪ್ಲುಟೋನಿಯಂ-239ರ ಅರ್ಧಾಯು (ಅದು ಅರ್ಧದಷ್ಟು ಕರಗಿಹೋಗಲು ಬೇಕಾದ ಕಾಲ) ಸುಮಾರು 24,000 ವರ್ಷ. ಮಾರ್ಷಲ್ ದ್ವೀಪಗಳಲ್ಲೇ ಅಣುಬಾಂಬ್ ಸಿಡಿಸಿದ್ದ ಇನ್ನೊಂದು ಜಾಗ ಎನೆವೆಟಕ್. ಅಲ್ಲಿನ ರುನಿಟ್ ದ್ವೀಪದಲ್ಲಿ ಬಾಂಬ್ ಕುಳಿಗೇ ಕಲುಷಿತ ಮಣ್ಣು ತುಂಬಿ, ಮೇಲೆ ಕಾಂಕ್ರೀಟ್ ಮುಚ್ಚಿದ್ದಾರೆ. ಅದು ಸೋರಿದರೆ ಗತಿ ಏನು ಅಂತ ಎಲ್ಲರೂ ಕೇಳುತ್ತಾರೆ, ಕೇಳಬೇಕಾದ್ದೇ ಅನ್ನಿ, ಆದರೆ ಆ ಮುಚ್ಚಳದೊಳಗೆ ಇರುವುದಕ್ಕಿಂತ ಎಷ್ಟೋ ಜಾಸ್ತಿ ಪ್ಲುಟೋನಿಯಂ ಹೊರಗೆ, ಹವಳದ ಸುತ್ತುಗೋಡೆಯೊಳಗಿನ ಕಡಲ ತಳದಲ್ಲಿ, ಯಾವ ಮುಚ್ಚಳವೂ ಇಲ್ಲದೆ ಸುಮ್ನೆ ಬಿದ್ದಿದೆ.