ಹೊಟ್ಟೆ ಮೇಲೆ ಹೆಡ್‌ಫೋನ್ ಬೇಡ, ನೀವೇ ಒಂದು ಪದ ಹಾಡಿ

ಬಸುರಿ ಅಂತ ಗೊತ್ತಾದ ದಿನದಿಂದ ಫೋನಿಗೆ ಬರುವ ಮೆಸೇಜುಗಳೇ ಬೇರೆ. ಈ ರಾಗ ಕೇಳಿದರೆ ಮಗು ಜಾಣ ಆಗುತ್ತೆ, ಆ ಮಂತ್ರ ಕೇಳಿದರೆ ಬೆಳ್ಳಗೆ ಹುಟ್ಟುತ್ತೆ, ಈ ಆ್ಯಪ್‌ಗೆ ದುಡ್ಡು ಕಟ್ಟಿದರೆ ಒಂಬತ್ತು ತಿಂಗಳಿಗೂ ಹಾಡು ರೆಡಿ. ನಮ್ಮ ಸಿಂಧನೂರಲ್ಲೂ ಹೊಟ್ಟೆಗೆ ಕಟ್ಟಿಕೊಳ್ಳುವ ಸ್ಪೀಕರ್ ಆನ್‌ಲೈನಿನಲ್ಲಿ ತರಿಸಿದವರಿದ್ದಾರೆ. ಏಳು ತಿಂಗಳ ಬಸುರಿ ನನ್ನ ತಂಗಿ ಕೂಡ ಕೇಳಿದಳು, "ಅಕ್ಕಾ, ನಾನೂ ಒಂದು ತರಿಸ್ಲೇನು?" ಬೇಡವೇ ಬೇಡ ಅಂದೆ. ಯಾಕೆ ಅಂತ ಫೋನಲ್ಲಿ ಹೇಳಿ ಮುಗಿಯಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೊಟ್ಟೆಯಲ್ಲಿರುವ ಮಗು ಹೊರಗಿನ ಸದ್ದಿಗೆ ಸರಿಯಾಗಿ ಸ್ಪಂದಿಸುವುದು ಸುಮಾರು 24-25 ವಾರ ಕಳೆದ ಮೇಲೆ, ಅಂದರೆ ಆರನೇ ತಿಂಗಳ ಹೊತ್ತಿಗೆ. ಎರಡನೇ ತಿಂಗಳಿಗೇ ವೀಣೆ ಹಾಕಿ ಕೂತರೆ ಕೇಳುವುದು ನೀವೊಬ್ಬರೇ. ಅದೂ ಒಳ್ಳೆಯದೇ ಬಿಡಿ. ಆರು ತಿಂಗಳಾದ ಮೇಲೂ ಮಗುವಿಗೆ ನಮಗೆ ಕೇಳಿದ ಹಾಗೆ ಎಲ್ಲ ಕೇಳುವುದಿಲ್ಲ. ಪಕ್ಕದ ಮನೆಯ ಟಿವಿ ಗೋಡೆಯಾಚೆಯಿಂದ ಕೇಳಿಸುತ್ತಲ್ಲ, ಹಾಗೆ: ಮಾತು ಬಿಡಿಬಿಡಿಯಾಗಿ ತಿಳಿಯಲ್ಲ, ಏರಿಳಿತ ಮಾತ್ರ ಗೊತ್ತಾಗುತ್ತೆ. ಕೀರಲು ದನಿ ಅರ್ಧ ದಾರಿಯಲ್ಲೇ ಸಾಯುತ್ತೆ, ದಪ್ಪ ದನಿ ಮತ್ತು ತಾಳ ಒಳಗೆ ಹೋಗುತ್ತೆ. ಜೊತೆಗೆ ಒಳಗೇ ಬೇಕಾದಷ್ಟು ಗದ್ದಲ ಇದೆ, ತಾಯಿಯ ಎದೆ ಬಡಿತ, ರಕ್ತ ಹರಿಯುವ ಸದ್ದು, ಕರುಳಿನ ಗುಡುಗುಡು.

ಈ ಎಲ್ಲದರ ನಡುವೆ ಒಂದು ದನಿ ಮಾತ್ರ ಬೇರೆ ಎಲ್ಲಕ್ಕಿಂತ ಚೆನ್ನಾಗಿ ಮುಟ್ಟುತ್ತೆ. ನಿಮ್ಮದು. ಯಾಕೆಂದರೆ ಅದು ಹೊಟ್ಟೆಯ ಹೊರಗಿನಿಂದ ಮಾತ್ರ ಬರುವುದಲ್ಲ, ನಿಮ್ಮ ಮೂಳೆ ಮಾಂಸದ ಮೂಲಕ ಒಳಗಿನಿಂದಲೂ ಹೋಗುತ್ತೆ. ಸುಮ್ನೆ ಬಾಯಿ ಮುಚ್ಚಿ ಗುನುಗಿ ನೋಡಿ, ಎದೆ ಮೇಲೆ ಕೈ ಇಟ್ಟರೆ ಅದುರುವುದು ಗೊತ್ತಾಗುತ್ತೆ. ನನಗಂತೂ ದಿನಾ ರೊಟ್ಟಿ ಬಡಿಯುವಾಗ ಅನ್ನಿಸುತ್ತಿತ್ತು, ಒಳಗಿನವರಿಗೆ ಈ ತಪತಪ ಸದ್ದು ಪೂರಾ ಬಾಯಿಪಾಠ ಆಗಿರಬೇಕು ಅಂತ.

ಇದು ಬರೀ ಅಜ್ಜಿ ಕಥೆ ಅಲ್ಲ. 1980ರಲ್ಲಿ ಅಮೆರಿಕದಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಅನ್ನುವವರು, ಹುಟ್ಟಿ ಮೂರು ದಿನ ಕೂಡ ತುಂಬದ ಕೂಸುಗಳ ಬಾಯಿಗೆ ನಿಪ್ಪಲ್ ಕೊಟ್ಟು, ಅದನ್ನು ಚೀಪುವ ರೀತಿಗೆ ತಕ್ಕಂತೆ ತಾಯಿಯ ದನಿ ಅಥವಾ ಬೇರೆ ಹೆಂಗಸಿನ ದನಿ ಕೇಳುವ ಹಾಗೆ ಮಾಡಿದರು. ಕೂಸುಗಳು ತಾಯಿಯ ದನಿ ಕೇಳಿಸುವ ಹಾಗೆಯೇ ಚೀಪಿದವು. 2013ರಲ್ಲಿ ಫಿನ್ಲೆಂಡಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಸುರಿನ ಕೊನೆಯ ತಿಂಗಳುಗಳಲ್ಲಿ ಪದೇ ಪದೇ ಒಂದೇ ಧಾಟಿ ಕೇಳಿಸಿದ ಮಕ್ಕಳ ಮಿದುಳು, ಹುಟ್ಟಿದ ಮೇಲೆ ನಾಲ್ಕು ತಿಂಗಳಾದರೂ ಆ ಧಾಟಿಯನ್ನು ಗುರುತು ಹಿಡಿಯುತ್ತಿತ್ತು. ಇಲ್ಲಿ ಗಮನಿಸಬೇಕಾದ್ದು ಏನೆಂದರೆ ಒಂದೇ ಧಾಟಿ, ಪದೇ ಪದೇ. ದಿನಕ್ಕೊಂದು ಹೊಸ ಪ್ಲೇಲಿಸ್ಟ್ ಅಲ್ಲ.

ಹಾಗಾದರೆ ಮೊಜಾರ್ಟ್ ಅನ್ನುವ ಯುರೋಪಿನ ಸಂಗೀತಗಾರನ ಸಂಗೀತ ಕೇಳಿದರೆ ಮಗು ಜಾಣ ಆಗುತ್ತೆ ಅನ್ನುತ್ತಾರಲ್ಲ, ಅದು? ಆ ಮಾತು ಹುಟ್ಟಿದ್ದು 1993ರ ಒಂದು ಅಧ್ಯಯನದಿಂದ. ಅದರಲ್ಲಿ ಬಸುರಿಯರೂ ಇರಲಿಲ್ಲ, ಕೂಸುಗಳೂ ಇರಲಿಲ್ಲ. ಇದ್ದವರು ಕಾಲೇಜು ಹುಡುಗ ಹುಡುಗಿಯರು, ಅವರಿಗೂ ಒಂದು ಬಗೆಯ ಪರೀಕ್ಷೆಯಲ್ಲಿ ಸ್ವಲ್ಪ ಜಾಸ್ತಿ ಅಂಕ ಬಂತು, ಅದರ ಗುಣ ಹತ್ತು ಹದಿನೈದು ನಿಮಿಷಕ್ಕೇ ಇಳಿದುಹೋಯಿತು. ಅಷ್ಟೇ! ಅದನ್ನು ಹಿಡಿದುಕೊಂಡು ಎಷ್ಟು ಸಿಡಿ ಮಾರಿದರೋ.

ಹೊಟ್ಟೆಗೆ ಹೆಡ್‌ಫೋನ್ ಕಟ್ಟುವುದು ನನಗೆ ಇಷ್ಟ ಆಗದಿರುವುದಕ್ಕೆ ಇನ್ನೊಂದು ಕಾರಣ ಇದೆ. ಕೂಸು ಕಿವಿ ಮುಚ್ಚಿಕೊಳ್ಳಲಾರದು, ಎದ್ದು ಬೇರೆ ಕೋಣೆಗೆ ಹೋಗಲಾರದು. ಅದು ದಿನದ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತೆ. ಅಂಥದ್ದರ ಪಕ್ಕದಲ್ಲೇ ಸ್ಪೀಕರ್ ಅಂಟಿಸಿ ಎಬ್ಬಿಸುವ ತುರ್ತೇನಿದೆ? ಹಾಡು ಕೇಳಬೇಕು ಅನ್ನಿಸಿದರೆ ಕೋಣೆಯಲ್ಲಿ ಮೆಲ್ಲಗೆ ಹಾಕಿ, ನೀವೂ ಕೇಳಿ.

ನನಗೆ ಈ ವಿಷಯದಲ್ಲಿ ನಿಜವಾದ ಮಾತು ಹೇಳಿದ್ದು ನಮ್ಮ ಅತ್ತೆ. ನನ್ನ ಕೊನೆಯ ತಿಂಗಳುಗಳು ಬೇಸಿಗೆಗೆ ಬಿದ್ದಿದ್ದವು. ರಾಯಚೂರು ಜಿಲ್ಲೆಯ ಏಪ್ರಿಲ್ ಮೇ ಅಂದರೆ ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ರಾತ್ರಿ ಕೂಡ ಗೋಡೆ ಕಾದಿರುತ್ತೆ, ಕರೆಂಟ್ ಹೋದರೆ ಮುಗೀತು. ನಿದ್ದೆ ಇಲ್ಲ, ಸುಮ್ಮಸುಮ್ಮನೆ ಅಳು, ಹೆರಿಗೆ ನೆನೆಸಿಕೊಂಡರೆ ಭಯ. ಒಳಗಿರುವ ಕೂಸಿನ ಮೇಲೆ ಅಂಥ ಮಮತೆಯೇನೂ ಉಕ್ಕಿ ಬರುತ್ತಿರಲಿಲ್ಲ, ನಿಜ ಹೇಳಬೇಕೆಂದರೆ. ಅಂಗಳದಲ್ಲಿ ಹೊರಸಿನ ಮೇಲೆ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದಾಗ ಅತ್ತೆ ಅಂದರು: "ಸುಮ್ಕ ಯಾಕ ಕುಂತೀದಿ, ಏನಾರ ಪದ ಹಾಡು. ಕೂಸಿಗಿ ತಿಳಿದ್ರ ತಿಳೀತದ, ಬಿಟ್ರ ಬಿಡ್ತದ, ನಿನ್ನ ಎದಿ ಹಗುರಾಗ್ತದ."

ಹಗುರ ಆಯಿತು. ಹಾಡುವಾಗ ಉಸಿರು ತಾನಾಗಿ ಉದ್ದ ಆಗುತ್ತೆ, ಅದೇ ಅರ್ಧ ಔಷಧಿ. ಕೈ ತಾನಾಗಿ ಹೊಟ್ಟೆ ಮೇಲೆ ಹೋಗುತ್ತೆ, ಒಳಗಿನಿಂದ ಒಂದು ಒದೆತ ಬಿದ್ದರೆ "ಏನಪ್ಪಾ, ಹಾಡು ಚೆನ್ನಾಗಿಲ್ವಾ" ಅಂತ ಕೇಳುವ ಹಾಗಾಗುತ್ತೆ, ಹೀಗೆ ಮಾತಾಡುತ್ತಾ ಮಾತಾಡುತ್ತಾ ಮುಖ ನೋಡದವರ ಜೊತೆ ಒಂದು ಸಲುಗೆ ಬೆಳೆಯುತ್ತೆ. ನಂಟು ಅಂದರೆ ನನ್ನ ಪ್ರಕಾರ ಇದೇ. ತೈವಾನಿನಲ್ಲಿ 236 ಬಸುರಿಯರ ಮೇಲೆ ನಡೆದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಎರಡು ವಾರ ದಿನಾ ಅರ್ಧ ಗಂಟೆ ಸಂಗೀತ ಕೇಳಿದವರಲ್ಲಿ ಒತ್ತಡ, ಆತಂಕ, ಖಿನ್ನತೆ ಮೂರೂ ಇಳಿದಿದ್ದವು. ಅಂದರೆ ಲಾಭ ಮೊದಲು ತಾಯಿಗೆ, ಅವಳಿಂದ ಮಗುವಿಗೆ.

ಯಾವ ಹಾಡು? ನಿಮಗೆ ಬರುವುದು, ನಿಮಗೆ ಇಷ್ಟ ಆಗುವುದು. ನಮ್ಮ ಸೀಮೆಯಲ್ಲಿ ಹಾಡಿಗೆ ಬರವಿಲ್ಲ. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ ನಮ್ಮ ಜಿಲ್ಲೆಯವೇ, ದಾಸರ ಪದ ಮನೆಮನೆಯಲ್ಲಿ ಬಾಯಲ್ಲೇ ಇದೆ. ವಚನ ಬೇಕೆಂದರೆ ಸಿದ್ಧರಾಮ ಜಂಬಲದಿನ್ನಿಯವರ ದನಿ ಇದೆ. ಬೀಸುವ ಪದ, ತತ್ವಪದ, ಜೋಗುಳ ಎಲ್ಲ ಇವೆ. ಬೀಸುವ ಕಲ್ಲಿನ ಮುಂದೆ ಕೂತು ತ್ರಿಪದಿ ಹಾಡುತ್ತಿದ್ದ ನಮ್ಮ ಮುತ್ತಜ್ಜಿಯರು ಎಷ್ಟು ಸಲ ಬಸುರಿಯಾಗಿದ್ದರೋ, ಹಾಡಿದರೆ ಒಳ್ಳೆಯದು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಂಗಿ ಮಾತ್ರ ಸಿನಿಮಾ ಹಾಡೇ ಹಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಚಿಗವ್ವನಿಗೆ ಸಿಟ್ಟು. ಹಾಡಲಿ ಬಿಡಿ. ಶ್ರುತಿ ತಪ್ಪಿದರೂ ಪರವಾಗಿಲ್ಲ, ಕೂಸು ಮಾರ್ಕ್ಸ್ ಹಾಕಲ್ಲ. ರಾತ್ರಿ ಮಲಗುವ ಮುಂಚೆ ಒಂದೇ ಹಾಡನ್ನು ದಿನಾ ಹಾಡಿ, ಹೆರಿಗೆ ಆದ ಮೇಲೂ ಅದನ್ನೇ ಮುಂದುವರಿಸಿ. ಗಂಡಂದಿರೂ ಹತ್ತಿರ ಕೂತು ಮಾತಾಡಬಹುದು, ಮೊಬೈಲ್ ಬದಿಗಿಟ್ಟು.

ಒಂದು ಮಾತು ಸೀರಿಯಸ್ಸಾಗಿ. ಮ್ಯೂಸಿಕ್ ಥೆರಪಿ ಅನ್ನುವುದು ತರಬೇತಿ ಪಡೆದವರು ಮಾಡಿಸುವ ಕೆಲಸ, ಮನೆಯಲ್ಲಿ ನಾವು ಹಾಡಿಕೊಳ್ಳುವುದು ಅದಲ್ಲ. ಹಾಡಿನಿಂದ ಬಿಪಿ ಇಳಿಯುತ್ತೆ ಅಂತ ಮಾತ್ರೆ ಬಿಡಬೇಡಿ. ಮಗುವಿನ ಒದೆತ ಕಡಿಮೆಯಾದರೆ ಹಾಡು ಹಾಕಿ ಕಾಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಎರಡು ವಾರ ಆದರೂ ಮನಸ್ಸು ಮೇಲೇಳುತ್ತಿಲ್ಲ, ಯಾವುದೂ ಬೇಡ ಅನ್ನಿಸುತ್ತಿದೆ ಅಂದರೆ ಆಶಾ ಕಾರ್ಯಕರ್ತೆಗೆ ಅಥವಾ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ. ಬಾಣಂತನದಲ್ಲೂ ಅಷ್ಟೇ. ಹಾಡು ಡಾಕ್ಟರ ಚಿಕಿತ್ಸೆಯ ಜೊತೆಗಿರಲಿ: ಇಂಗ್ಲೆಂಡಿನವರು 134 ಬಾಣಂತಿಯರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆ ಜಾಸ್ತಿ ಇದ್ದವರ ಪೈಕಿ ಕೂಸಿನ ಜೊತೆ ಗುಂಪಿನಲ್ಲಿ ಹಾಡಿದವರು ಬೇಗ ಚೇತರಿಸಿಕೊಂಡರು.

ಇನ್ನು ಈ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಡಿಜೆ ತರಿಸುವ ಹೊಸ ಹುಚ್ಚು. ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು ಕೂತ ಬಸುರಿಯ ಹತ್ತಡಿ ದೂರದಲ್ಲಿ ಆಳೆತ್ತರದ ಬಾಕ್ಸ್! ಅಮೆರಿಕದ ನಿಯೋಷ್ ಅನ್ನುವ ಸರ್ಕಾರಿ ಸಂಸ್ಥೆ, 115 ಡೆಸಿಬೆಲ್ ಮೀರಿದ ಸದ್ದಿನ ಹತ್ತಿರ ಬಸುರಿಯರು ಕಿವಿಗೆ ರಕ್ಷಣೆ ಹಾಕಿಕೊಂಡರೂ ಇರಬಾರದು ಅನ್ನುತ್ತೆ. ನೀವು ಕಿವಿಗೆ ಹತ್ತಿ ಇಟ್ಟುಕೊಂಡರೆ ಕಡಿಮೆಯಾಗುವುದು ನಿಮಗೆ, ಒಳಗಿನವರಿಗಲ್ಲ. ಮತ್ತೆ ಡಿಜೆಯ ದಮ್‌ದಮ್ ಪೂರಾ ದಪ್ಪ ಸದ್ದು, ಹೊಟ್ಟೆಯೊಳಗೆ ಸಲೀಸಾಗಿ ಹೋಗುವಂಥದ್ದು. ಜಾತ್ರೆ, ಮೆರವಣಿಗೆಗೂ ಇದೇ ಲೆಕ್ಕ, ಬಾಕ್ಸಿನ ಮುಂದೆ ನಿಲ್ಲಬೇಡಿ. ಡಿಜೆಯವನಿಗೆ ಕೊಡುವ ದುಡ್ಡಲ್ಲಿ ಓಣಿಯ ಸೋಬಾನೆ ಹಾಡುವ ಅವ್ವಗಳಿಗೆ ತಲೆಗೊಂದು ಸೀರೆ ಬರುತ್ತೆ, ಲೆಕ್ಕ ಹಾಕಿ ನೋಡಿ.