ವೆಲಿಂಗ್ಟನ್‌ನಲ್ಲಿ ಓದಿದ ಜನರಲ್, ನಮ್ಮ ಮೇಷ್ಟ್ರ ಕ್ಲಾಸು

ಬಿಎ ಓದಿದೋರಿಗೆಲ್ಲ ಗೊತ್ತು, ರಾಜ್ಯಶಾಸ್ತ್ರದಲ್ಲಿ ಆಫ್ರಿಕಾ ಅಂದ್ರೆ ಐದು ಮಾರ್ಕ್ಸಿನ ಒಂದು ಪ್ರಶ್ನೆ, ಅಷ್ಟೇ. ನಮ್ಮ ಮೇಷ್ಟ್ರು ಹಂಗೆ ಬಿಡ್ತಿರ್ಲಿಲ್ಲ. 1999ರಲ್ಲಿ ನೈಜೀರಿಯಾಕ್ಕೆ ಒಲುಸೆಗುನ್ ಒಬಸಾಂಜೊ ಅಧ್ಯಕ್ಷ ಆದಾಗ ಸಿಲಬಸ್ ಪಕ್ಕಕ್ಕಿಟ್ಟು ಆ ಮನುಷ್ಯನ ಕಥೆ ಶುರು ಮಾಡಿದ್ರು. ಗುಂಡ್ಲುಪೇಟೆ ದಾಟಿ ಊಟಿಗೆ ಹೋಗ್ತೀರಲ್ಲ, ಅಲ್ಲೇ ಕೂನೂರಿನ ಹತ್ರ ಸೈನ್ಯಾಧಿಕಾರಿಗಳು ಓದೋ ವೆಲಿಂಗ್ಟನ್ ಸ್ಟಾಫ್ ಕಾಲೇಜಲ್ಲಿ 1965ರಲ್ಲಿ ಇವರು ಓದಿದ್ದು ಅಂದಾಗ ಹಿಂದಿನ ಬೆಂಚಿನೋರೂ ತಲೆ ಎತ್ತಿ ಕೇಳೋಕೆ ಶುರು ಮಾಡಿದ್ರು.

ನೈಜೀರಿಯಾದ ಅಬೆಯೊಕುಟಾ ಊರಿನ ಕಡೆಯ ಹುಡುಗ, 1958ರಲ್ಲಿ ಸೈನ್ಯ ಸೇರಿ ಇಂಜಿನಿಯರ್ ಆಫೀಸರ್ ಆದ್ರು, ಬಿಯಾಫ್ರಾ ಅನ್ನೋ ಭಾಗ ಬೇರೆ ದೇಶ ಆಗ್ಬೇಕು ಅಂತ ನಡೆಸಿದ ಯುದ್ಧದ ಕೊನೆಗೆ 1970ರ ಜನವರಿಯಲ್ಲಿ ಆ ಕಡೆಯೋರ ಶರಣಾಗತಿ ತಗೊಂಡಿದ್ದು ಇವರೇ. 1976ರಲ್ಲಿ ಸೇನಾ ಸರ್ಕಾರದ ಮುಖ್ಯಸ್ಥ ಮುರ್ತಾಲಾ ಮೊಹಮ್ಮದ್ ಕೊಲೆ ಆದ್ಮೇಲೆ ಅಧಿಕಾರ ಇವರ ಕೈಗೆ ಬಂತು. ಮೇಷ್ಟ್ರು ಇಲ್ಲಿ ನಿಲ್ಲಿಸಿ ಕೇಳಿದ್ರು, ಬಂದೂಕು ಇರೋನು ಕುರ್ಚಿ ಯಾಕ್ ಬಿಡ್ತಾನೆ? ನಮಗ್ಯಾರಿಗೂ ಉತ್ತರ ಗೊತ್ತಿರ್ಲಿಲ್ಲ. ಆದ್ರೆ ಒಬಸಾಂಜೊ 1979ರ ಅಕ್ಟೋಬರ್ 1ಕ್ಕೆ ಚುನಾವಣೇಲಿ ಗೆದ್ದ ಶೆಹು ಶಗಾರಿಗೆ ಅಧಿಕಾರ ಕೊಟ್ಟು ಓಟಾ ಅನ್ನೋ ಊರಿಗೆ ಹೋಗಿ ಕೋಳಿ ಫಾರಂ ಹಾಕಿದ್ರು, ಅದೇ ಮುಂದೆ ದೊಡ್ಡ ಬಿಸಿನೆಸ್ ಆಯ್ತು. ಅವರ ಸರ್ಕಾರವೇ 1978ರಲ್ಲಿ ತಂದ ಭೂ ಕಾನೂನಿಂದ ಅವರಿಗೇ ಅನುಕೂಲ ಆಯ್ತು ಅಂತ ಟೀಕೆನೂ ಇತ್ತು, ಮೇಷ್ಟ್ರು ಅದನ್ನೂ ಮುಚ್ಚಿಡ್ಲಿಲ್ಲ.

ನನ್ನ ಮನಸ್ಸಿಗೆ ತಟ್ಟಿದ್ದು ಜೈಲಿನ ಭಾಗ. 1995ರಲ್ಲಿ ಸೇನಾ ಸರ್ವಾಧಿಕಾರಿ ಅಬಾಚಾ ಸರ್ಕಾರ ದಂಗೆಯ ಆರೋಪ ಹೊರಿಸಿ ಇವರನ್ನೂ, ಇವರ ಕೈಕೆಳಗೇ ಕೆಲಸ ಮಾಡಿದ್ದ ಶೆಹು ಮೂಸಾ ಯಾರ್‌ಅದುವಾ ಅವರನ್ನೂ ಒಳಗೆ ಹಾಕ್ತು. ಯಾರ್‌ಅದುವಾ 1997ರಲ್ಲಿ ಜೈಲಲ್ಲೇ ತೀರ್ಕೊಂಡ್ರು. ಒಬಸಾಂಜೊ ಹೊರಗೆ ಬಂದಿದ್ದು 1998ರಲ್ಲಿ, ಅಬಾಚಾ ಸತ್ತ ಮೇಲೆ, ಒಂದು ವರ್ಷದೊಳಗೆ ಅಧ್ಯಕ್ಷ! ಅದೂ ತಮ್ಮ ಯೊರುಬಾ ಜನರ ಸೀಮೇಲೇ ಓಟು ಕಳ್ಕೊಂಡು, ಬೇರೆ ಕಡೆ ಗೆದ್ದು.

ಆಮೇಲಿಂದು ನಾನು ಕಾಲೇಜ್ ಬಿಟ್ಮೇಲೂ ಫಾಲೋ ಮಾಡ್ತಾ ಬಂದೆ. 2005ರಲ್ಲಿ ಪ್ಯಾರಿಸ್ ಕ್ಲಬ್ ಅನ್ನೋ ಸಾಲ ಕೊಟ್ಟ ದೇಶಗಳ ಗುಂಪಿನ ಜೊತೆ ಮಾತಾಡಿ 1800 ಕೋಟಿ ಡಾಲರ್ ಸಾಲ ಮನ್ನಾ ಮಾಡ್ಸಿದ್ದು ಸಣ್ಣ ಮಾತಲ್ಲ, ಆದ್ರೆ 1999ರಲ್ಲಿ ಓಡಿ ಅನ್ನೋ ಊರನ್ನ ಸೈನಿಕರು ನಾಶ ಮಾಡಿದ್ದು ಅವರ ಕಾಲದಲ್ಲೇ, ಅದನ್ನ ನಾನು ಒಪ್ಪೋಕೇ ಆಗಲ್ಲ. 2006ರಲ್ಲಿ ಮೂರನೇ ಅವಧಿಗೆ ದಾರಿ ಮಾಡೋ ತಿದ್ದುಪಡಿನ ಸೆನೆಟ್ ತಳ್ಳಿಹಾಕ್ತು. ತಾನು ಕೇಳಿರ್ಲೇ ಇಲ್ಲ ಅಂತ ಒಬಸಾಂಜೊ ಹೇಳ್ತಾ ಬಂದಿದ್ದಾರೆ. ಮೇಷ್ಟ್ರು ನಂಬ್ಲಿಲ್ಲ, ಫೋನಲ್ಲಿ ಅವರ ದನಿ ಕೇಳಿದ್ರೇ ಗೊತ್ತಾಗ್ತಿತ್ತು ಎಷ್ಟು ನೊಂದಿದ್ದಾರೆ ಅಂತ. ನಾನೂ ನಂಬ್ಲಿಲ್ಲ, ಆದ್ರೂ 1979 ಸುಳ್ಳಾಗಲ್ಲ ಸಾರ್ ಅಂದೆ. ಅದಕ್ಕೆ ಹ್ಞೂಂ ಅಂದ್ರು.

80 ದಾಟಿದ ಮೇಲೆ ಒಬಸಾಂಜೊ ದೇವತಾಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದ್ರು, ತಮ್ಮ ಸರ್ಕಾರವೇ ಮತ್ತೆ ಶುರು ಮಾಡಿದ್ದ ಓಪನ್ ಯೂನಿವರ್ಸಿಟಿಲಿ. ಆ ಸುದ್ದಿ ವಾಟ್ಸಾಪಲ್ಲಿ ಕಳಿಸಿದ್ರೆ ಮೇಷ್ಟ್ರು ಆಗ್ಲೇ ಓದಿ, ಥೀಸಿಸ್ ಎಲ್ಲಿ ಸಿಗುತ್ತೆ ಅಂತ ಹುಡುಕ್ತಿದ್ರು.